ಪೈಪ್ ಸಣ್ಣ ಮಾಡಿ ಪ್ರೆಶರ್ ಹೆಚ್ಚಿಸ್ತೀನಿ ಅಂತ ಬರುವವರ ಬಗ್ಗೆ ಹುಷಾರು

ಮಧುಗಿರಿ, ಕೊರಟಗೆರೆ, ಪಾವಗಡ ಕಡೆ ಬಂಡೆ ಮೇಲೆ ಟ್ಯಾಂಕ್ ಕೂರಿಸಿ, ಮೋಟರ್ ಇಲ್ಲದೆ ಸ್ಪ್ರಿಂಕ್ಲರ್ ಓಡಿಸುತ್ತಿರುವ ರೈತರು ದಯವಿಟ್ಟು ಪೂರ್ತಿ ಓದಿ. ನಮ್ಮ ಚಿಕ್ಕಪ್ಪನ ಹೊಲದಲ್ಲಿ ಆದದ್ದು ಇನ್ನೊಬ್ಬರಿಗೆ ಆಗುವುದು ಬೇಡ.

ತ್ರೀ ಫೇಸ್ ಕರೆಂಟ್ ಇದ್ದಾಗ ಬೋರ್ ಓಡಿಸಿ ಟ್ಯಾಂಕ್ ತುಂಬಿಸಿಕೊಂಡರೆ, ಬೇಕಾದಾಗ ವಾಲ್ವ್ ತಿರುಗಿಸಿ ಕಡ್ಲೆಕಾಯಿಗೆ ನೀರು ಬಿಡಬಹುದು ಅಂತ ಚಿಕ್ಕಪ್ಪ ಹಾಕಿಸಿದ್ದು. 5,000 ಲೀಟರ್ ಟ್ಯಾಂಕ್, ಹೊಲಕ್ಕಿಂತ ಸುಮಾರು 30 ಅಡಿ ಮೇಲೆ. ಸ್ಪ್ರಿಂಕ್ಲರ್ ತಲೆ ಸರಿಯಾಗಿ ತಿರುಗುತ್ತಿರಲಿಲ್ಲ. ನೀರು ಹುಡಿಯಾಗಿ ಹರಡದೆ ದಪ್ಪ ದಪ್ಪ ಹನಿಯಾಗಿ ಬಳೆಯ ಹಾಗೆ ಒಂದು ಸುತ್ತು ಬೀಳುತ್ತಿತ್ತು, ನಡುವೆ ಒಣ ನೆಲ. ಆ ದಪ್ಪ ಹನಿ ಬಿದ್ದ ಕಡೆ ಕೆಮ್ಮಣ್ಣಿನ ಮೇಲ್ಪದರ ಗಟ್ಟಿಯಾಗಿ ಹೋಗುತ್ತಿತ್ತು.

ಆಗ ಬಂದವನು ಒಬ್ಬ ಫಿಟ್ಟರ್. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ದೂರ ಚಿಮ್ಮಿಸಿ ತೋರಿಸಿದ. "ನೋಡಿ ಯಜಮಾನ್ರೇ, ಸಣ್ಣ ಮಾಡಿದ್ರೆ ತಾನಾಗೇ ಎಗರ್ತೈತೆ" ಅಂದ. ಕಣ್ಣಾರೆ ಕಂಡದ್ದನ್ನು ಯಾರು ತಾನೇ ನಂಬುವುದಿಲ್ಲ? 63 ಎಂ.ಎಂ. ಮೇನ್ ಲೈನ್ ಕಿತ್ತು 32 ಎಂ.ಎಂ. ಹಾಕಿಸಿದ. ಆಮೇಲೆ ಹತ್ತಿರದ ಎರಡು ತಲೆ ತುಂತುರು ಹಾಕಿದವು, ದೂರದವು ತೊಟ್ಟಿಕ್ಕಿದವು ಅಷ್ಟೆ. ಕಡ್ಲೆಕಾಯಿ ಹೂವಾಡುತ್ತಿದ್ದ ಹೊತ್ತು ಅದು. ಬಾಡಿದ ಸಾಲು ನೋಡಿ ಚಿಕ್ಕಮ್ಮ ಬಿಂದಿಗೆಯಲ್ಲಿ ನೀರು ಹೊತ್ತರು.

ಬೆರಳಿನ ಆಟದ ಒಳಗುಟ್ಟು ಇಷ್ಟು. ಬಾಯಿ ಮುಚ್ಚಿದಾಗ ಪೈಪಿನಲ್ಲಿ ಹರಿಯುವ ನೀರು ಕಡಿಮೆಯಾಗುತ್ತದೆ, ಅದರಿಂದ ಪೈಪಿನ ಉಜ್ಜಾಟದಲ್ಲಿ ಕಳೆದುಹೋಗುವ ಪ್ರೆಶರ್ ಉಳಿಯುತ್ತದೆ. ಇದ್ದದ್ದು ಉಳಿಯಿತೇ ಹೊರತು ಹೊಸದೇನೂ ಹುಟ್ಟಲಿಲ್ಲ. ಮೇನ್ ಲೈನನ್ನೇ ಸಣ್ಣ ಮಾಡಿದರೆ ಆಗುವುದು ಪೂರಾ ಉಲ್ಟಾ. ಅಷ್ಟೇ ನೀರು ಅರ್ಧ ಅಗಲದ ಪೈಪಿನಲ್ಲಿ ಹರಿಯಬೇಕೆಂದರೆ ಉಜ್ಜಾಟದ ನಷ್ಟ ಸುಮಾರು 30 ಪಟ್ಟು ಏರುತ್ತದೆ. ನಿಂತ ನೀರಿನ ಪ್ರೆಶರ್ ಕೊಡುವುದು ಎತ್ತರ ಒಂದೇ: 10 ಮೀಟರಿಗೆ ಸುಮಾರು 1 ಕೆ.ಜಿ. (ಅಂದರೆ ಒಂದು ಚದರ ಸೆಂಟಿಮೀಟರ್ ಮೇಲೆ ಬೀಳುವ ಒತ್ತಡ). ನಮ್ಮ 30 ಅಡಿಗೆ 0.9 ಕೆ.ಜಿ. ಮಾಮೂಲಿ ತಿರುಗುವ ಸ್ಪ್ರಿಂಕ್ಲರಿಗೆ 2ರಿಂದ 2.5 ಕೆ.ಜಿ. ಬೇಕು. ಯಾವ ಪೈಪ್ ಹಾಕಿದರೂ ಆ ಬಂಡೆಯಿಂದ ಅಷ್ಟು ಬರುವುದಿಲ್ಲ ಎಂಬುದನ್ನು ಟೇಪ್ ಹಿಡಿದರೆ ಮೊದಲ ದಿನವೇ ಹೇಳಬಹುದಿತ್ತು. ಅವನು ಟೇಪ್ ಹಿಡಿಯಲೇ ಇಲ್ಲ.

ಅಲ್ಲಿಗೂ ಬಿಡಲಿಲ್ಲ. 10,000 ಲೀಟರ್ ಟ್ಯಾಂಕ್ ಹಾಕಿಸಿ, ಭಾರಕ್ಕೆ ನೀರು ತಳ್ಳುತ್ತದೆ ಅಂದ. ಅದೂ ಸುಳ್ಳು. ಅದೇ ಎತ್ತರದಲ್ಲಿ ಡ್ರಮ್ಮಿಟ್ಟರೂ ಕೆರೆಯಿದ್ದರೂ ಪ್ರೆಶರ್ ಒಂದೇ. ಚಿಕ್ಕಪ್ಪ ಒಪ್ಪದಿದ್ದಾಗ 1 ಎಚ್.ಪಿ. ಬೂಸ್ಟರ್ (ಪ್ರೆಶರ್ ಏರಿಸುವ ಮೋಟರ್ ಪಂಪು) ತಂದು ಆ ಸಣ್ಣ ಪೈಪಿಗೇ ಕೂರಿಸಿದ. ಗೇಜ್ ಹಾಕಿ ಮುಳ್ಳು ಮೇಲೇರಿದ್ದನ್ನೂ ತೋರಿಸಿದ, ಆದರೆ ಮುಂದಿನ ವಾಲ್ವ್ ಮುಚ್ಚಿಟ್ಟು! ನೀರು ಓಡುತ್ತಿರುವಾಗ ಕೊನೆಯ ಸ್ಪ್ರಿಂಕ್ಲರ್ ಹತ್ತಿರ ತೋರಿಸುವ ಅಂಕಿಯೇ ನಿಜವಾದದ್ದು. ಟ್ಯಾಂಕ್ ಖಾಲಿಯಾದರೆ ಮೋಟರ್ ನಿಲ್ಲಿಸುವ ಫ್ಲೋಟ್ ಸ್ವಿಚ್ಚೂ ಹಾಕಿರಲಿಲ್ಲ. ಒಂದು ಸಂಜೆ ನೀರಿಲ್ಲದೆ ಓಡಿ ಸೀಲ್ ಸುಟ್ಟುಹೋಯಿತು. ಪೈಪು, ಮೋಟರು, ಕೂಲಿ ಸೇರಿ 40 ಸಾವಿರದ ಹತ್ತಿರ ಹೋಯಿತು. ಈಗ ಫೋನ್ ಮಾಡಿದರೆ ಎತ್ತುವುದಿಲ್ಲ.

ಇನ್ನೊಂದು ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಒಂದು ಸ್ಪ್ರಿಂಕ್ಲರ್ ಸರಿಯಾದ ಪ್ರೆಶರಿನಲ್ಲಿ ಸೆಕೆಂಡಿಗೆ ಅರ್ಧ ಲೀಟರ್ ಆಸುಪಾಸು ನೀರು ಬಿಡುತ್ತದೆ. ಹತ್ತು ತಲೆ ಒಟ್ಟಿಗೆ ಓಡಿದರೆ 5,000 ಲೀಟರ್ ಕಾಲು ಗಂಟೆ ಚಿಲ್ಲರೆಯಲ್ಲಿ ಖಾಲಿ. ಅಷ್ಟು ನೀರನ್ನು ಇನ್ನೂ 20 ಮೀಟರ್ ಎತ್ತರದ ಪ್ರೆಶರಿಗೆ ಏರಿಸಲು 3 ಎಚ್.ಪಿ. ಹತ್ತಿರ ಬೇಕು, 1 ಎಚ್.ಪಿ. ಯಾವ ಮೂಲೆಗೆ?

ಈಗ ಹಳೆಯ 63 ಎಂ.ಎಂ. ಲೈನನ್ನೇ ಮತ್ತೆ ಜೋಡಿಸಿದ್ದೇವೆ. ಟ್ಯಾಂಕಿನ ನೀರಿಗೆ ಅರ್ಧದಿಂದ ಒಂದು ಕೆ.ಜಿ.ಯಲ್ಲಿ ನಡೆಯುವ ರೈನ್ ಪೈಪ್ (ಸಣ್ಣ ತೂತುಗಳಿಂದ ನೀರು ಚಿಮ್ಮಿಸುವ ಪೈಪ್) ಹಾಕಿ, ಒಂದೊಂದೇ ಸಾಲಿಗೆ ಬಿಡುತ್ತೇವೆ. ಫಿಲ್ಟರ್ ಜಾಲರಿ ಬಿಚ್ಚಿ ತೊಳೆದಾಗಲೇ ವ್ಯತ್ಯಾಸ ಕಾಣಿಸಿತು, ಬೋರಿನ ಮರಳು, ಪಾಚಿ ಸೇರಿ ಅರ್ಧ ಕಟ್ಟಿಕೊಂಡಿತ್ತು. ದುಡ್ಡು ಬಿಚ್ಚುವ ಮೊದಲು ಅದನ್ನೊಮ್ಮೆ ನೋಡಿ. ಸ್ಪ್ರಿಂಕ್ಲರೇ ಬೇಕೆಂದರೆ, ಬೋರ್ ಮೋಟರಿಗೆ ಶಕ್ತಿ ಮಿಕ್ಕಿದ್ದಲ್ಲಿ ಕರೆಂಟ್ ಇದ್ದಾಗ ಟ್ಯಾಂಕ್ ಬಿಟ್ಟು ನೇರವಾಗಿ ಕೊಡಿ. ಅನುಮಾನವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ, ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ.

ಬೂಸ್ಟರ್ ಕೊಳ್ಳುವುದೇ ಆದರೆ ಮೋಟರಿನ ಪ್ಲೇಟಿನ ಮೇಲಿನ ಗರಿಷ್ಠ ಹೆಡ್ (ನೀರು ಏರಿಸಬಲ್ಲ ಎತ್ತರ), ಗರಿಷ್ಠ ಡಿಸ್ಚಾರ್ಜ್ (ಹೊರಬರುವ ನೀರಿನ ಪ್ರಮಾಣ) ನೋಡಿ ಮೋಸಹೋಗಬೇಡಿ. ಅವೆರಡೂ ಒಟ್ಟಿಗೆ ಸಿಗುವುದಿಲ್ಲ. ಗರಿಷ್ಠ ಹೆಡ್ ಅಂದರೆ ನೀರೇ ಹರಿಯದಿರುವಾಗಿನ ಅಂಕಿ. ನಿಮಗೆ ಬೇಕಾದ ಹೆಡ್ಡಿನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ ಎಂದು ಅಂಗಡಿಯವರಿಂದ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಆ ಅಂಗಡಿಯಿಂದ ಎದ್ದು ಬನ್ನಿ.