ಒಂದು ನೆಗಡಿ, ಎರಡು ಪಕ್ಷ: ಅತ್ತೆಯ ಒಲೆ, ಯಜಮಾನರ ಮಾತ್ರೆ ಡಬ್ಬಿ

ನಮ್ಮ ಮನೆಯಲ್ಲಿ ಯಾರಿಗಾದರೂ ನೆಗಡಿ ಬಂದರೆ ಸಾಕು, ಎರಡು ಪಕ್ಷಗಳಾಗುತ್ತವೆ. ಅತ್ತೆಯವರ ಪಕ್ಷದ ಕಚೇರಿ ಅಡುಗೆಮನೆಯ ಒಲೆ. ಯಜಮಾನರ ಪಕ್ಷದ್ದು ಬೀರುವಿನ ಮೇಲಿರುವ ಹಳೇ ಬಿಸ್ಕತ್ತಿನ ಡಬ್ಬಿ. ಅದರೊಳಗೆ ಅರ್ಧ ಖಾಲಿಯಾದ ಮಾತ್ರೆ ಪಟ್ಟಿಗಳು, ಮುಚ್ಚಳ ಅಂಟಿಕೊಂಡ ಸಿರಪ್ಪು ಬಾಟಲಿಗಳು. ನಡುವೆ ನಾನು. ಸಾಗರದ ಹತ್ತಿರದ ಶಾಲೆಯೊಂದರಲ್ಲಿ ಪಾಠ ಮಾಡುವವಳು. ಗಂಟಲು ಕೂತಿತೆಂದರೆ ನನಗೆ ಆವತ್ತಿನ ದಿನವೇ ಕೂತ ಹಾಗೆ.

‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಖಂಡಿತ ಮಲೆನಾಡಿನ ಮಳೆಗಾಲ ಕಂಡವರೇ ಇರಬೇಕು. ಹೋದ ವರ್ಷ ಜುಲೈನಿಂದ ಜನವರಿಯೊಳಗೆ ನಮ್ಮ ಮನೆಗೆ ನಾಲ್ಕು ಸಲ ನೆಗಡಿ ಬಂತು. ಪ್ರತಿ ಸಲವೂ ಮೊದಲು ತಂದವಳು ಎಂಟು ವರ್ಷದ ಮಗಳು, ಆಮೇಲೆ ನಾನು, ಕೊನೆಗೆ ಯಜಮಾನರು. ಎರಡು ಪಕ್ಷಗಳ ವಾದ ಕೇಳಿ ಕೇಳಿ ಸಾಕಾಗಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂಬದಿಯಲ್ಲಿ ನನ್ನದೇ ಒಂದು ಲೆಕ್ಕ ಶುರು ಮಾಡಿದೆ. ಆ ದಿನ ಏನು ಮಾಡಿದೆವು, ರಾತ್ರಿ ಎಷ್ಟು ಸಲ ಎದ್ದೆವು (ಒಂದು ಸಲ ಎದ್ದರೆ ಒಂದು ಗೀಟು), ಇಷ್ಟೇ. ನೆಗಡಿ ಎಷ್ಟು ದಿನಕ್ಕೆ ಹೋಯಿತು ಅಂತ ಬರೆಯಲಿಲ್ಲ. ಮದ್ದು ಮಾಡಿದರೆ ಒಂದು ವಾರ, ಮಾಡದಿದ್ದರೆ ಏಳು ದಿನ ಅನ್ನುವುದು ಬರೀ ತಮಾಷೆಯಲ್ಲ. ವೈರಸ್ಸಿನ ನೆಗಡಿ ಹೆಚ್ಚಾಗಿ ಏಳರಿಂದ ಹತ್ತು ದಿನ ಇದ್ದೇ ಹೋಗುವುದು, ಆ್ಯಂಟಿಬಯಾಟಿಕ್ ಅದರ ಹತ್ತಿರವೂ ಸುಳಿಯುವುದಿಲ್ಲ. ಹಾಗಾಗಿ ನಿದ್ದೆಯ ಲೆಕ್ಕವೇ ನನಗೆ ಸರಿ ಕಂಡಿತು.

ಮೊದಲು ಹಬೆ. ಅತ್ತೆಯವರ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ: ಕುದಿಯುವ ನೀರಿನ ಪಾತ್ರೆ ನೆಲದ ಮೇಲೆ, ಅದಕ್ಕೆ ನಾಲ್ಕು ದೊಡ್ಡಪತ್ರೆ ಎಲೆ, ತಲೆಯ ಮೇಲೆ ಕಂಬಳಿ. ಹತ್ತು ನಿಮಿಷ ಮೂಗು ಸೊಗಸಾಗಿ ಬಿಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ದೊಡ್ಡಪತ್ರೆಯ ಘಾಟಿನಲ್ಲಿ ಇರುವುದು ಓಮಿನಲ್ಲೂ ಇರುವ ಥೈಮಾಲ್, ಜೊತೆಗೆ ಅದರದೇ ಬಳಗದ ಕಾರ್ವಕ್ರಾಲ್; ಉಸಿರೆಳೆದರೆ ಹಾಯೆನಿಸುತ್ತದೆ. ಆದರೆ ನನ್ನ ಲೆಕ್ಕದಲ್ಲಿ ಹಬೆ ತಗೊಂಡ ರಾತ್ರಿಗೂ ತಗೊಳ್ಳದ ರಾತ್ರಿಗೂ ವ್ಯತ್ಯಾಸ ಕಾಣಲಿಲ್ಲ. ಅರ್ಧ ಗಂಟೆಯಲ್ಲಿ ಮೂಗು ಮತ್ತೆ ಯಥಾಸ್ಥಿತಿ. ಸೆಪ್ಟೆಂಬರಿನಲ್ಲಿ ಒಂದು ದಿನ ಮಗಳು ಕಂಬಳಿಯೊಳಗೆ ಕಾಲು ಚಾಚಿದಳು, ಪಾತ್ರೆ ವಾಲಿತು. ನೀರು ಅವಳ ಪಾದದಿಂದ ಒಂದು ಗೇಣು ದೂರದಲ್ಲಿ ಹರಿದು ಹೋಯಿತು, ಚಾಪೆಯ ಬಣ್ಣ ಬಿಟ್ಟಿತು. ಹಬೆಯ ಪಾತ್ರೆ ಮಗುಚಿ ಸುಟ್ಟುಕೊಂಡು ಬರುವ ಮಕ್ಕಳು ಎಲ್ಲಾ ದೇಶದ ಆಸ್ಪತ್ರೆಗಳಲ್ಲೂ ಇದ್ದಾರೆ ಅಂತ ಓದಿದ್ದೆ. ಓದುವುದು ಬೇರೆ, ಆ ಚಾಪೆ ನೋಡುವುದು ಬೇರೆ.

ಅಂದಿನಿಂದ ನಮ್ಮಲ್ಲಿ ಹಬೆ ಅಂದರೆ ಬಚ್ಚಲುಮನೆ. ಹಂಡೆಯಲ್ಲಿ ನೀರು ಚೆನ್ನಾಗಿ ಕಾದಿರುತ್ತದೆ. ಬಾಗಿಲು ಹಾಕಿ, ಎರಡು ಬಕೆಟ್ ಬಿಸಿನೀರು ತೋಡಿ ಬದಿಗಿಟ್ಟು, ಅಲ್ಲೇ ಮಣೆಯ ಮೇಲೆ ಕೂತು ನಿಧಾನ ಸ್ನಾನ. ಒಲೆಯಿರುವ ಬಚ್ಚಲಾದರೆ ಹೊಗೆ ಹೋಗುವ ಗಂಡಿ ಮಾತ್ರ ತೆರೆದೇ ಇರಬೇಕು. ಅದೇ ಹಾಯಿ ಸಿಗುತ್ತದೆ, ಮುಖದ ಕೆಳಗೆ ಕುದಿಯುವ ನೀರಿರುವುದಿಲ್ಲ.

ಯಜಮಾನರು ಹಬೆಗೆ ಪ್ರತಿಯಾಗಿ ಇಳಿಸಿದ್ದು ಮೂಗಿಗೆ ಬಿಡುವ ಡ್ರಾಪ್ಸ್. ಕ್ಸೈಲೋಮೆಟಾಜೋಲಿನ್ ಅಂತ ಬಾಟಲಿಯ ಮೇಲಿತ್ತು. ಇದರ ಮುಂದೆ ಅತ್ತೆಯವರ ಪಾತ್ರೆ, ನನ್ನ ಬಚ್ಚಲು ಎರಡೂ ಸಪ್ಪೆ. ಎರಡು ಹನಿ, ಮೂರು ನಿಮಿಷ, ಮೂಗು ಹೆದ್ದಾರಿಯಾಗಿ ಬಿಡುತ್ತದೆ. ಮೊದಲ ರಾತ್ರಿ ನಾನು ಒಂದು ಸಲವೂ ಏಳದೆ ಮಲಗಿದೆ. ಹಾಗಾಗಿ ಎರಡನೇ ರಾತ್ರಿ, ಮೂರನೇ ರಾತ್ರಿ, ಹೀಗೇ ಹನ್ನೊಂದು ರಾತ್ರಿ. ನೆಗಡಿ ಹೋಗಿ ನಾಲ್ಕು ದಿನವಾಗಿತ್ತು, ಮೂಗು ಮಾತ್ರ ಕಟ್ಟಿಕೊಂಡೇ ಇತ್ತು. ಹನಿ ಬಿಟ್ಟರೆ ಬಿಡುವುದು, ಎರಡು ತಾಸಿಗೆ ಮತ್ತೆ ಕಟ್ಟುವುದು. ಕೊನೆಗೆ ಡಾಕ್ಟರು ಬಾಟಲಿ ನೋಡಿ ನಕ್ಕರು: ಕಟ್ಟಿರುವುದು ನೆಗಡಿಯಿಂದಲ್ಲ, ಡ್ರಾಪ್ಸಿನಿಂದಲೇ. ಮೂಗಿನೊಳಗಿನ ರಕ್ತನಾಳಗಳನ್ನು ಅದು ಕುಗ್ಗಿಸುತ್ತದೆ. ದಿನಗಟ್ಟಲೆ ಹಾಕುತ್ತಾ ಹೋದರೆ ಔಷಧ ಇಳಿದ ಕೂಡಲೇ ಅವು ಮೊದಲಿಗಿಂತ ಜಾಸ್ತಿ ಊದಿಕೊಳ್ಳುತ್ತವೆ. ಹಾಕುವುದಿದ್ದರೆ ಮೂರು ದಿನ, ಹೆಚ್ಚೆಂದರೆ ಐದು. ಅಂಗಡಿಯಲ್ಲಿ ಕೊಟ್ಟವರು ಅದನ್ನು ಹೇಳಿರಲಿಲ್ಲ, ನಾನೂ ಒಳಗಿನ ಚೀಟಿ ಬಿಡಿಸಿ ಓದಿರಲಿಲ್ಲ. ಡ್ರಾಪ್ಸ್ ನಿಲ್ಲಿಸಿದ ಮೇಲಿನ ಐದು ರಾತ್ರಿ ಕ್ಯಾಲೆಂಡರಿನಲ್ಲಿ ಗೀಟುಗಳೇ ಗೀಟುಗಳು.

ಆ ಐದು ರಾತ್ರಿ ಕಾಪಾಡಿದ್ದು ಉಪ್ಪುನೀರು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂಬತ್ತು ಗ್ರಾಂ ಉಪ್ಪು, ಅಂದರೆ ಪುಡಿ ಉಪ್ಪು ಮಟ್ಟಸವಾಗಿ ಒಂದೂವರೆ ಟೀ ಚಮಚ. ಕಣ್ಣೀರಿನಷ್ಟೇ ಉಪ್ಪಿರುವುದರಿಂದ ಮೂಗು ಉರಿಯುವುದಿಲ್ಲ. ನೇತಿ ಪಾತ್ರೆಯಲ್ಲಿ ಒಂದು ಹೊಳ್ಳೆಯಿಂದ ಬಿಟ್ಟು ಇನ್ನೊಂದರಿಂದ ಹೊರಗೆ. ಮೊದಲ ಸಲ ನೀರಿಗೆ ಬಿದ್ದವಳ ಹಾಗೆ ಕೆಮ್ಮಿದೆ, ಮೂರನೇ ದಿನಕ್ಕೆ ರೂಢಿಯಾಯಿತು. ಡ್ರಾಪ್ಸಿನಷ್ಟು ಚಮತ್ಕಾರವಿಲ್ಲ, ಆದರೆ ನಿಲ್ಲಿಸಿದಾಗ ಸೇಡು ತೀರಿಸಿಕೊಳ್ಳುವುದಿಲ್ಲ. ‘ಕುದಿಸಿದ’ ಅನ್ನುವ ಮಾತನ್ನು ಮಾತ್ರ ಯಾರೂ ಹಾರಿಸಬಾರದು. ಬಾವಿ, ಕೆರೆ, ನಲ್ಲಿಯ ಹಸಿನೀರಿನಲ್ಲಿ ನೇಗ್ಲೇರಿಯಾ ಅನ್ನುವ ಅಮೀಬಾ ಇರಬಹುದು. ಕುಡಿದರೆ ಏನೂ ಮಾಡದ ಅದು ಮೂಗಿನ ಮೂಲಕ ಹೋದರೆ ಮಿದುಳಿಗೆ ಏರುತ್ತದೆ. ಪಕ್ಕದ ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾ ಅಂತ ಸುದ್ದಿಯಾದದ್ದರಲ್ಲಿ ಇದೂ ಒಂದು.

ಕಷಾಯಕ್ಕೂ ಮಾತ್ರೆಗೂ ನಡೆದದ್ದೇ ದೊಡ್ಡ ಜಗಳ. ಅತ್ತೆಯವರ ಕಷಾಯದ ಪುಡಿ ಹುರಿದು ಬೀಸಿದ್ದು: ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಒಣಶುಂಠಿ, ಸ್ವಲ್ಪ ಮೆಂತೆ. ಬೆಲ್ಲ ಹಾಕಿ ಕುದಿಸಿ ಕೊನೆಗೆ ಹಾಲು. ಯಜಮಾನರದ್ದು ಅಂಗಡಿಯಲ್ಲಿ ‘ನೆಗಡಿ ಮಾತ್ರೆ’ ಅಂತ ಕೇಳಿದರೆ ಕೊಡುವ ಪಟ್ಟಿ. “ಆ ಮಾತ್ರೆ ಎಂತಕ್ಕೆ ಮಾರಾಯ್ತಿ, ಬಿಸಿ ಬಿಸಿ ಒಂದು ಲೋಟ ಕುಡಿ” ಅಂತ ಅತ್ತೆ. “ಅಮ್ಮಾ, ಅವಳಿಗೆ ನಾಳೆ ಶಾಲೆ ಇದೆ” ಅಂತ ಮಗ.

ನಾನು ಪಟ್ಟಿಯ ಹಿಂಬದಿ ಓದಿದೆ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಕ್ಲೋರ್‌ಫೆನಿರಮಿನ್, ಫೆನೈಲೆಫ್ರಿನ್. ಮೊದಲನೆಯದು ಮೈಕೈ ನೋವಿಗೆ, ಜ್ವರಕ್ಕೆ ನಿಜವಾಗಿ ಕೆಲಸ ಮಾಡುತ್ತದೆ. ಎರಡನೆಯದು ಸುರಿಯುವ ಮೂಗನ್ನು ತುಸು ಒಣಗಿಸುತ್ತದೆ, ಜೊತೆಗೆ ತೂಕಡಿಕೆ ತರುತ್ತದೆ. ಐದನೇ ತರಗತಿಗೆ ಭಿನ್ನರಾಶಿ ಹೇಳುತ್ತಾ ಆಕಳಿಸಿದ್ದಕ್ಕೆ ಇದೇ ಕಾರಣ. ಮೂರನೆಯದು ಕಟ್ಟಿದ ಮೂಗು ಬಿಡಿಸಲು. ಅದನ್ನು ನುಂಗಿದರೆ ಪ್ರಯೋಜನವಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. ಎರಡನೆಯದು, ಮೂರನೆಯದು ಸೇರಿದ ಈ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ನಮ್ಮ ಕೇಂದ್ರದ ಔಷಧ ನಿಯಂತ್ರಕರೂ ಅದೇ ವರ್ಷ ಹೇಳಿದರು. ಅಂದರೆ ಮೂರರಲ್ಲಿ ನನಗೆ ಬೇಕಾಗಿದ್ದದ್ದು ಒಂದು.

ಇನ್ನೊಂದು ಯಡವಟ್ಟು ಆಗಲೇ ಕಣ್ಣಿಗೆ ಬಿತ್ತು. ಯಜಮಾನರು ದಿನಕ್ಕೆ ಮೂರು ನೆಗಡಿ ಮಾತ್ರೆಯ ಜೊತೆ, ಜ್ವರಕ್ಕೆ ಅಂತ 650ರ ಮಾತ್ರೆಯನ್ನೂ ಮೂರು ಸಲ ನುಂಗುತ್ತಿದ್ದರು. ಎರಡರಲ್ಲೂ ಇರುವುದು ಪ್ಯಾರಾಸಿಟಮಾಲೇ. ಕೂಡಿಸಿದರೆ 3,450 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4,000ದ ಗಡಿ, ಲಿವರ್ ತೊಂದರೆ ಇದ್ದವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. ಅವರು ಗಡಿಯ ಬೇಲಿ ಹತ್ತಿ ಕೂತಿದ್ದರು, ಅದೂ ಗೊತ್ತಿಲ್ಲದೆ.

ಕಷಾಯದ ರಾತ್ರಿಗಳು? ಮೈಕೈ ನೋವಿಗೆ ಅದು ಮಾತ್ರೆಗೆ ಸಾಟಿಯಲ್ಲ, ಇದನ್ನು ಅತ್ತೆಯವರ ಎದುರೇ ಹೇಳಿದ್ದೇನೆ. ಗಂಟಲಿಗೆ, ಬಾಯಿರುಚಿಗೆ, ಏನೂ ಸೇರದ ಹೊತ್ತಿನಲ್ಲಿ ನಾಲ್ಕು ಲೋಟ ನೀರಿನಂಶ ಒಳಗೆ ಹೋಗುವುದಕ್ಕೆ ಮಾತ್ರೆ ಕಷಾಯಕ್ಕೆ ಸಾಟಿಯಲ್ಲ. ನಾನೀಗ ಜ್ವರವಿದ್ದರೆ ಬರೀ ಪ್ಯಾರಾಸಿಟಮಾಲ್, ಇಲ್ಲದಿದ್ದರೆ ಬರೀ ಕಷಾಯ. ಎರಡು ಪಕ್ಷಕ್ಕೂ ಅಸಮಾಧಾನ.

ಅರಿಶಿನ ಹಾಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದರಲ್ಲಿ ಕೆಲಸ ಮಾಡುತ್ತದೆ ಅನ್ನುವ ಕರ್ಕ್ಯುಮಿನ್ ನಮ್ಮ ಮೈಗೆ ಹತ್ತುವುದೇ ಕಷ್ಟ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಇಪ್ಪತ್ತು ಪಟ್ಟು ಹೆಚ್ಚು ಹತ್ತುತ್ತದೆ ಅಂತ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ 1998ರ ಅಧ್ಯಯನ. ಅಲ್ಲಿ ಕೊಟ್ಟಿದ್ದು ಎರಡು ಗ್ರಾಂ ಶುದ್ಧ ಕರ್ಕ್ಯುಮಿನ್. ಅರಿಶಿನ ಪುಡಿಯಲ್ಲಿ ಅದು ನೂರಕ್ಕೆ ಮೂರರ ಆಸುಪಾಸು. ಅಷ್ಟು ಬೇಕೆಂದರೆ ಒಂದು ಲೋಟ ಹಾಲಿಗೆ ಅರವತ್ತೈದು ಗ್ರಾಂ ಅರಿಶಿನ ಕದಡಬೇಕು! ಬಿಸಿ ಹಾಲು ಕುಡಿದು ಮಲಗುವ ಸುಖಕ್ಕಾಗಿ ಕುಡಿಯುತ್ತೇನೆ, ಅಷ್ಟೇ.

ಕೆಮ್ಮಿನ ವಿಷಯದಲ್ಲಿ ಮಾತ್ರ ಒಂದು ಪಕ್ಷ ಸ್ಪಷ್ಟವಾಗಿ ಗೆದ್ದಿತು. ಮಗಳಿಗೆ ಜುಲೈನಲ್ಲಿ ಸಿರಪ್ಪು, ಸೆಪ್ಟೆಂಬರಿನಲ್ಲಿ ಜೇನು. ಸಿರಪ್ಪಿನ ರಾತ್ರಿಗಳಲ್ಲಿ ನಾಲ್ಕು, ಐದು, ನಾಲ್ಕು ಗೀಟು. ಮಲಗುವ ಅರ್ಧ ಗಂಟೆ ಮೊದಲು ಒಂದು ಚಮಚ ತುಡುವೆ ಜೇನು ನೆಕ್ಕಿದ ರಾತ್ರಿಗಳಲ್ಲಿ ಎರಡು, ಎರಡು, ಒಂದು. ಒಂದು ಮಗುವಿನ ಆರು ರಾತ್ರಿಯಿಂದ ಏನೂ ಸಿದ್ಧವಾಗುವುದಿಲ್ಲ, ಆದರೆ ಅಮೆರಿಕದ ಪೆನ್ ಸ್ಟೇಟ್‌ನಲ್ಲಿ 2007ರಲ್ಲಿ ನೂರಕ್ಕೂ ಹೆಚ್ಚು ಮಕ್ಕಳ ಮೇಲೆ ಇದನ್ನೇ ನೋಡಿದಾಗಲೂ ರಾತ್ರಿ ಕೆಮ್ಮಿಗೆ ಅತಿ ಹೆಚ್ಚು ಆರಾಮ ಕಂಡದ್ದು ಜೇನು ಕೊಟ್ಟ ಮಕ್ಕಳಲ್ಲೇ. ಬ್ರಿಟನ್ನಿನ ವೈದ್ಯರ ಮಾರ್ಗಸೂಚಿಯಲ್ಲೂ ಕೆಮ್ಮಿಗೆ ಜೇನು ಸೇರಿದೆ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ನೆಕ್ಕಿಸಲೇಬಾರದು. ಜೇನಿನಲ್ಲಿರಬಹುದಾದ ಬಾಟ್ಯುಲಿನಮ್ ಬೀಜಾಣು ಕೂಸಿನ ಕರುಳಿನಲ್ಲಿ ಮೊಳೆತು ವಿಷ ಹುಟ್ಟಿಸುತ್ತದೆ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ನಮ್ಮ ಶಾಸ್ತ್ರವನ್ನು ನಾನು ನಾದಿನಿಯ ಬಾಣಂತನದಲ್ಲಿ ಜಗಳ ಮಾಡಿಯೇ ನಿಲ್ಲಿಸಿದ್ದು. ಆಮೇಲೆ 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ಪಿನಿಂದ ಮಕ್ಕಳು ಸತ್ತ ಸುದ್ದಿ ಬಂತು. ಯಜಮಾನರು ಏನೂ ಮಾತಾಡದೆ ಡಬ್ಬಿಯಿಂದ ಮಗಳ ಬಾಟಲಿ ತೆಗೆದು ಚೆಲ್ಲಿದರು.

ತಮಾಷೆಯೆಂದರೆ ಅವರ ದೊಡ್ಡವರ ಸಿರಪ್ಪಿನಲ್ಲಿ ಇದ್ದದ್ದು ಆಂಬ್ರಾಕ್ಸಾಲ್, ಕಫ ತೆಳುವಾಗಿಸುವುದು. ಅದರ ವಂಶಾವಳಿ ಹಿಡಿದು ಹೋದರೆ ಬ್ರೋಮ್‌ಹೆಕ್ಸಿನ್, ಅದರಾಚೆ ವ್ಯಾಸಿಸಿನ್. ವ್ಯಾಸಿಸಿನ್ ಇರುವುದು ನಮ್ಮ ಹಿತ್ತಲ ಬೇಲಿಯ ಆಡುಸೋಗೆಯಲ್ಲಿ. ಅತ್ತೆ ಎಲೆ ಬಾಡಿಸಿ ಹಿಂಡಿ ಕೊಡುವ ಆ ಕಹಿ ರಸ ಕುಡಿಯುವುದಿಲ್ಲ ಅಂತ ಹಠ ಮಾಡಿದವರು ಅದೇ ಎಲೆಯ ಮೊಮ್ಮಗನನ್ನು ದುಡ್ಡು ಕೊಟ್ಟು ತರುತ್ತಿದ್ದರು. (ಬಸುರಿಯರಿಗೆ ಆಡುಸೋಗೆ ಬೇಡ, ಗರ್ಭಕೋಶವನ್ನು ಕೆರಳಿಸುತ್ತದೆ.)

ಒಲೆಯ ಪಕ್ಷಕ್ಕೂ ಒಂದು ಪೆಟ್ಟು ಬಿತ್ತು. ನವೆಂಬರಿನಲ್ಲಿ ಅತ್ತೆಯವರಿಗೇ ಒಣಕೆಮ್ಮು ಹತ್ತಿ, ಎರಡು ವಾರ ಬಾಯಲ್ಲಿ ಜೇಷ್ಠಮಧುವಿನ ತುಂಡು ಇಟ್ಟುಕೊಂಡೇ ಇದ್ದರು. ಗಂಟಲಿಗೆ ಅದರಷ್ಟು ತಂಪು ಬೇರೆ ಇಲ್ಲ, ನಾನೂ ಪಾಠದ ಮಧ್ಯೆ ಚೀಪಿದ್ದೇನೆ. ಆದರೆ ಮಾತ್ರೆಯಲ್ಲಿ ಹಿಡಿತದಲ್ಲಿದ್ದ ಅವರ ಬಿಪಿ 160 ದಾಟಿತು. “ಗಿಡದ ಬೇರು ಕಣೇ, ಅದೆಂತ ಮಾಡ್ತು” ಅಂದರು. ಅದರ ಗ್ಲಿಸಿರೈಜಿನ್ ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಪೊಟ್ಯಾಸಿಯಮ್ ಹೊರಗೆ ಕಳಿಸುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದ ಮೇಲೆ ಬಿಟ್ಟರು. ಎರಡು ವಾರ ದಾಟಿದ ಕೆಮ್ಮು ಅಂತ ಅಲ್ಲೇ ಕಫ ಪರೀಕ್ಷೆಯನ್ನೂ ಮಾಡಿಸಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಕ್ಷಯ ಇರಲಿಲ್ಲ.

ಬಾಮು ಹಚ್ಚಿದರೆ ಮೂಗು ಬಿಟ್ಟ ಹಾಗೆ ಅನಿಸುವುದು ಮೆಂಥಾಲ್ ತಂಪಿನ ನರವನ್ನು ಮುಟ್ಟುವುದರಿಂದ. ಗಾಳಿಯ ದಾರಿ ಇದ್ದಷ್ಟೇ ಇರುತ್ತದೆ. ಕರ್ಪೂರ ಇರುವುದರಿಂದ ಎರಡು ವರ್ಷದೊಳಗಿನವರಿಗೆ ಬೇಡ, ಹೊಳ್ಳೆಯೊಳಗೆ ಯಾರಿಗೂ ಬೇಡ.

ಜನವರಿಯ ಸರದಿಯಲ್ಲಿ ಯಜಮಾನರಿಗೆ ಬಂದದ್ದು ನೆಗಡಿಯೇ ಅಂದುಕೊಂಡೆವು. ಆದರೆ ಮೂಗು ಒಣಗಿತ್ತು, ಜ್ವರ 103, ತಲೆ ಸಿಡಿತ, ಸೊಂಟ ಮುರಿದಂಥ ನೋವು. ಹಿಂದಿನ ವಾರ ಕಾಡಿನಂಚಿಗೆ ದರಗು (ಒಣಎಲೆ) ತರಲು ಹೋಗಿದ್ದರು, ಉಣುಗು ಹತ್ತದ ಹಾಗೆ ಮಾಡುವ ಡೇಪಾ ತೈಲ ಹಚ್ಚಿಕೊಂಡಿರಲಿಲ್ಲ. ಮನಸ್ಸಿಗೆ ಬಂದದ್ದು ಮಂಗನ ಕಾಯಿಲೆ, ಉಣುಗು ಕಚ್ಚಿ ಹರಡುವ ವೈರಸ್ಸಿನ ಜ್ವರ. ಅದನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಆಸುಪಾಸಿನಲ್ಲಿ ನಮ್ಮ ಸಾಗರ ತಾಲೂಕಿನ ಅರಳಗೋಡಿನಲ್ಲಿ ಇದೇ ಕಾಯಿಲೆಗೆ ಜನ ಸತ್ತದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಡಿಸೆಂಬರಿನಿಂದ ಮೇವರೆಗೆ ಉಣುಗಿನ ಕಾಲ. ಒಲೆಯ ಮೇಲೆ ಕಷಾಯದ ನೀರು ಕುದಿಯುತ್ತಿತ್ತು. ಅತ್ತೆಯೇ ಅದನ್ನು ಇಳಿಸಿಟ್ಟು, “ಇದು ನನ್ನ ಪುಡಿಗೆ ಹೋಗೂದಲ್ಲ, ಮೊದಲು ರಕ್ತ ಕೊಟ್ಟು ಬನ್ನಿ” ಅಂದರು. ಯಜಮಾನರು ಡಬ್ಬಿಯತ್ತ ಕೈ ಚಾಚಲೂ ಇಲ್ಲ, ಬೈಕಿನ ಹಿಂದೆ ಕೂತರು, ನಾನು ಓಡಿಸಿದೆ.

ಮೂರನೇ ದಿನ ವರದಿ ನೆಗೆಟಿವ್ ಬಂತು. ಆ ರಾತ್ರಿ ಅವರು ತಾವಾಗಿಯೇ ಕೇಳಿ ಎರಡು ಲೋಟ ಕಷಾಯ ಕುಡಿದರು. ಕ್ಯಾಲೆಂಡರಿನಲ್ಲಿ ಒಂದೇ ಗೀಟು, ಅದೂ ಕಷಾಯ ಜಾಸ್ತಿಯಾಗಿ ಬಚ್ಚಲಿಗೆ ಎದ್ದದ್ದು.