ಮನೆಯಲ್ಲಿ ಹಾಡಿ ಮಿಕ್ಸಿಂಗ್‌ಗೆ ಕೊಡುವವರೇ, ಹಣ ಕಳಿಸುವ ಮುನ್ನ ಇದನ್ನು ಓದಿ

ಮನೆಯಲ್ಲಿ ಧ್ವನಿಮುದ್ರಿಸಿದ ಹಾಡನ್ನೂ ಗಿಟಾರನ್ನೂ ಮಿಕ್ಸ್ ಮಾಡಿಕೊಡುತ್ತೇನೆಂದು, ಅಂದರೆ ಹದವಾಗಿ ಬೆರೆಸಿ ಒಂದೇ ಹಾಡಾಗಿಸಿ ಕೊಡುತ್ತೇನೆಂದು, 6,000 ರೂಪಾಯಿ ಪಡೆದ ವ್ಯಕ್ತಿಯೊಬ್ಬರು, ನಾನು ತಿದ್ದುಪಡಿ ಕೇಳಿದಾಗ ಮೊದಲು ಕೊಟ್ಟಿದ್ದ ಫೈಲನ್ನೇ ಒಂದಿಷ್ಟು ಜೋರು ಮಾಡಿ, ಹೊಸ ಹೆಸರಿಟ್ಟು, "ನೀವು ಹೇಳಿದ್ದನ್ನೆಲ್ಲ ಸರಿಪಡಿಸಿದ್ದೇನೆ ಮೇಡಂ" ಎಂದು ಬರೆದು ಕಳಿಸಿದರು. ಅದೇ ಫೈಲನ್ನು. ಇದು ಊಹೆಯಲ್ಲ, ಸಿಟ್ಟಿನ ಭರದಲ್ಲಿ ಆಡುತ್ತಿರುವ ಮಾತೂ ಅಲ್ಲ. ಹೇಗೆ ಗೊತ್ತಾಯಿತೆಂಬುದನ್ನು ಮುಂದೆ ಬರೆದಿದ್ದೇನೆ. ದೂರು ಕೊಟ್ಟಿರುವುದರಿಂದ ಅವರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ.

ನಮ್ಮದು ತೀರಾ ಸರಳವಾದ ಹಾಡು. ಕಾಲೇಜಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರ ಪದ್ಯ, ನನ್ನ ದನಿ, ನನ್ನ ತಮ್ಮನ ಅಕೂಸ್ಟಿಕ್ ಗಿಟಾರ್, ಅಷ್ಟೇ. ತಬಲಾ ಇಲ್ಲ, ಕೀಬೋರ್ಡ್ ಇಲ್ಲ. ಕಿಟಕಿಗೆ ರಜಾಯಿ ಕಟ್ಟಿ, ಫ್ಯಾನ್ ಆರಿಸಿ, ರಸ್ತೆಯ ಸದ್ದು ಅಡಗಿದ ಮೇಲೆ ಮುದ್ರಿಸಿದೆವು. ಗಿಟಾರಿಗೆ ಎರಡು ಮೈಕ್ ಇಟ್ಟಿದ್ದೆವು: ಒಂದು ಹನ್ನೆರಡನೆಯ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಯ) ಎದುರು ಒಂದು ಗೇಣಿನಷ್ಟು ದೂರದಲ್ಲಿ, ಏಕೆಂದರೆ ನೇರವಾಗಿ ರಂಧ್ರಕ್ಕೆ ಹಿಡಿದರೆ ಗುಂಯ್ ಎನ್ನುವ ಮಂದ್ರವೇ ತುಂಬಿಕೊಳ್ಳುತ್ತದೆ, ಇನ್ನೊಂದು ತಂತಿಗಳ ಬುಡದ ಬ್ರಿಡ್ಜಿನ ಕಡೆಗೆ. ಗಿಟಾರ್ ಮುಗಿದ ಮೇಲೆ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ನಾನು ಬೇರೆಯಾಗಿ ಹಾಡಿದೆ. ಎಲ್ಲವೂ 24 ಬಿಟ್, 48 ಕಿಲೋಹರ್ಟ್ಜ್ ವೇವ್ ಫೈಲುಗಳು. ಅವನ್ನು ಕೇಳಿದ ಮೇಲೆ ಅವರೇ ಬರೆದ ಸಂದೇಶ ಇನ್ನೂ ನನ್ನ ಫೋನಿನಲ್ಲಿದೆ: "ಬಹಳ ಕ್ಲೀನ್ ರೆಕಾರ್ಡಿಂಗ್ ಮೇಡಂ, ನನ್ನ ಅರ್ಧ ಕೆಲಸ ನೀವೇ ಮಾಡಿದ್ದೀರಿ." ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮಾತಿನಲ್ಲಿ ಅವರು ನಿಪುಣರು, ಅದನ್ನು ಒಪ್ಪಲೇಬೇಕು. ದನಿಯಲ್ಲಿ 80ರಿಂದ 100 ಹರ್ಟ್ಜ್‌ಗಿಂತ ಕೆಳಗಿನ ಗೊರಗೊರವನ್ನು ತೆಗೆಯುತ್ತೇನೆ, ಗಿಟಾರಿನ 2ರಿಂದ 4 ಕಿಲೋಹರ್ಟ್ಜ್ ಭಾಗವನ್ನು ತುಸು ತಗ್ಗಿಸಿ ದನಿಗೆ ಜಾಗ ಮಾಡುತ್ತೇನೆ, ಜೋರು-ಸಣ್ಣ ಸದ್ದುಗಳ ಅಂತರವನ್ನು ತಾನೇ ಕುಗ್ಗಿಸುವ ಕಂಪ್ರೆಸರ್ ಮೇಲೆ ಭಾರ ಹಾಕದೆ ಪದ ಪದಕ್ಕೂ ಕೈಯಿಂದಲೇ ಏರಿಳಿತ ಸರಿಮಾಡುತ್ತೇನೆ, ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತಂತೆ ಕೇಳಿಸಲು ಎರಡಕ್ಕೂ ಒಂದೇ ರಿವರ್ಬ್ (ಕೋಣೆಯ ಅನುರಣನ) ಬಳಸುತ್ತೇನೆ ಎಂದೆಲ್ಲ ಹೇಳಿದರು. ಎಲ್ಲವೂ ಸರಿಯಾದ ಮಾತೇ. ಅರ್ಧ ಮುಂಗಡ, ಉಳಿದದ್ದು ಕೆಲಸ ಒಪ್ಪಿಗೆಯಾದ ಮೇಲೆ ಎಂಬುದು ಈ ವ್ಯವಹಾರದ ರೂಢಿ ಎಂದು ನಾನು ಹೇಳಿದ್ದಕ್ಕೆ, "ಸ್ಲಾಟ್ ಬೇರೆಯವರಿಗೆ ಹೋಗಿಬಿಡುತ್ತದೆ ಮೇಡಂ" ಎಂದು ಅವಸರಪಡಿಸಿ, ಪೂರ್ತಿ ಹಣವನ್ನು ಯುಪಿಐ ಮೂಲಕ ಮೊದಲೇ ಹಾಕಿಸಿಕೊಂಡರು.

ಬಂದ ಮಿಕ್ಸ್ ಹೆಡ್‌ಫೋನಿನಲ್ಲಿ ಭಾರಿ ವಿಶಾಲವಾಗಿ ಕೇಳಿಸಿತು. ಗಿಟಾರ್ ಎರಡೂ ಕಿವಿಗಳ ಆಚೆಯಿಂದ ಬರುತ್ತಿತ್ತು. ಆದರೆ ನನ್ನ ದನಿ ನನ್ನದಾಗಿ ಉಳಿದಿರಲಿಲ್ಲ. ಸ, ಶಗಳ ಸೀಟಿಯಂಥ ಸದ್ದನ್ನು ತಗ್ಗಿಸುವ ಡಿ-ಎಸ್ಸರನ್ನು ಎಷ್ಟು ಬಿಗಿಯಾಗಿ ಹಾಕಿದ್ದರೆಂದರೆ, ಪದ್ಯದಲ್ಲಿ ಮತ್ತೆ ಮತ್ತೆ ಬರುವ "ಶಿಶಿರ" ಎಂಬ ಪದವು ಬಾಯಲ್ಲಿ ಹತ್ತಿ ತುರುಕಿಕೊಂಡು ಹೇಳಿದಂತಿತ್ತು. ಸದ್ದು ಒಂದು ಮಟ್ಟಕ್ಕಿಂತ ಇಳಿದೊಡನೆ ಬಾಗಿಲು ಮುಚ್ಚುವ ನಾಯ್ಸ್ ಗೇಟ್ ಪ್ರತಿ ಸಾಲಿನ ಕೊನೆಯ ಸ್ವರವನ್ನೂ ನುಂಗಿತ್ತು. ಕನ್ನಡದ ಸಾಲು ನಿಲ್ಲುವುದೇ ಆ ಕೊನೆಯ ಸ್ವರದ ಮೇಲೆ. "ಮರಳಿ" ಎಂದು ಎಳೆದು ಹಾಡಿದ್ದು "ಮರಳ್" ಎಂದು ಕತ್ತರಿಸಿದರೆ ಹಾಡಿದ್ದಕ್ಕೆ ಅರ್ಥವೇನು? ಪದ ಪದಕ್ಕೂ ಕೈಯಿಂದ ಕೆಲಸ ಮಾಡಿದವರಿಗೆ ಇದು ಕೇಳಿಸದೆ ಇರುತ್ತದೆಯೇ? ಯಾವುದೋ ಸಿದ್ಧ ಪ್ರಿಸೆಟ್ಟಿಗೆ ಹಾಕಿ, ಒಮ್ಮೆಯೂ ಪೂರ್ತಿ ಕೇಳದೆ ಕಳಿಸಿದ್ದಾರೆಂಬ ಅನುಮಾನ ಆಗಲೇ ಹುಟ್ಟಿತು.

ಅಷ್ಟರಲ್ಲಿ, ಪದ್ಯ ಬರೆದವರು ಕೇಳಲೆಂದು ತಮ್ಮ ಅದನ್ನು ಮೇಷ್ಟ್ರಿಗೆ ಕಳಿಸಿಬಿಟ್ಟಿದ್ದ. ಅವರು ತಮ್ಮ ಹಳೆಯ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಿ ಫೋನ್ ಮಾಡಿದರು. "ಚೆನ್ನಾಗಿದೆಯಮ್ಮ, ಪಕ್ಕವಾದ್ಯವೇ ಇಲ್ಲದೆ ಹಾಡುವ ಧೈರ್ಯ ಮಾಡಿದ್ದೀಯ. ಆದರೆ ಶಕಾರ ಯಾಕೆ ಹಾಗಿದೆ, ಹಲ್ಲುನೋವೇನಾದರೂ ಇತ್ತೇ?" ತಮ್ಮ ನನ್ನ ಪಕ್ಕದಲ್ಲೇ ಕುಳಿತಿದ್ದ, ಫೋನ್ ಸ್ಪೀಕರಿನಲ್ಲಿತ್ತು. ಪಕ್ಕವಾದ್ಯವೇ ಇಲ್ಲವೆಂಬ ಮಾತನ್ನು ಅವನು ಅವರ ಬಾಯಿಂದಲೇ ಕೇಳಿದ. ಆ ಕ್ಷಣದ ಅವಮಾನವನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ಸಮುದಾಯ ಬಾನುಲಿಯಲ್ಲಿ ಕೆಲಸ ಮಾಡುವ ಗೆಳತಿ ಫೈಲನ್ನು ತೆರೆದು ನೋಡಿ ಕಾರಣ ಹೇಳಿದಳು. ನಾವು ಕೊಟ್ಟ ಎರಡು ಗಿಟಾರ್ ಟ್ರ್ಯಾಕುಗಳಲ್ಲಿ ಒಂದನ್ನು ಅವರು ಮುಟ್ಟಿಯೇ ಇರಲಿಲ್ಲ. ಇನ್ನೊಂದನ್ನೇ ನಕಲು ಮಾಡಿ ಎಡಕ್ಕೊಂದು ಬಲಕ್ಕೊಂದು ಹಾಕಿ, ಒಂದರ ಅಲೆಯನ್ನು ತಲೆಕೆಳಗು ಮಾಡಿದ್ದರು. ಹೆಡ್‌ಫೋನಿನಲ್ಲಿ ಇದು ಅಗಲವಾಗಿ ಕೇಳಿಸುತ್ತದೆ. ಆದರೆ ಎಡಬಲಗಳನ್ನು ಕೂಡಿಸಿ ನುಡಿಸುವ ಒಂಟಿ ಸ್ಪೀಕರಿನಲ್ಲಿ ಒಂದರ ಏರು ಇನ್ನೊಂದರ ಇಳಿತವಾಗಿ, ಎರಡೂ ಸೇರಿ ಸೊನ್ನೆಯಾಗುತ್ತದೆ. ಗಿಟಾರ್ ಸಣ್ಣದಾಗುವುದಲ್ಲ, ಇಲ್ಲವೇ ಆಗುತ್ತದೆ.

ಇದನ್ನೆಲ್ಲ ಮರ್ಯಾದೆಯಿಂದ ಬರೆದು ತಿದ್ದುಪಡಿ ಕೇಳಿದೆ. ಮೊದಲ ಉತ್ತರ: "ನಿಮ್ಮ ಕಿವಿಗೆ ರಾ ಸೌಂಡ್ ಅಭ್ಯಾಸವಾಗಿಬಿಟ್ಟಿದೆ ಮೇಡಂ." ಆಮೇಲೆ: "ನಿಮ್ಮ ರೂಮಿನಲ್ಲಿ ಟ್ರೀಟ್‌ಮೆಂಟ್ ಇಲ್ಲ, ಅದಕ್ಕೇ ಗೇಟ್ ಹಾಕಬೇಕಾಯಿತು." (ಟ್ರೀಟ್‌ಮೆಂಟ್ ಎಂದರೆ ಗೋಡೆಗಳಿಂದ ಮರುದನಿ ಏಳದಂತೆ ಮಾಡುವ ಏರ್ಪಾಡು.) ಕ್ಲೀನ್ ರೆಕಾರ್ಡಿಂಗ್ ಎಂದವರು ಇವರೇ! ಕೊನೆಗೆ ಎರಡನೆಯ ಫೈಲ್ ಬಂತು, ಅದರೊಡನೆ ಆ ವಾಕ್ಯವೂ ಬಂತು: ನೀವು ಹೇಳಿದ್ದನ್ನೆಲ್ಲ ಸರಿಪಡಿಸಿದ್ದೇನೆ ಮೇಡಂ. ಕೇಳಿದಾಗ ಮೊದಲ ಕ್ಷಣ ನಿಜಕ್ಕೂ ಉತ್ತಮವಾಗಿದೆ ಎನ್ನಿಸಿತು. ಜೋರಾದದ್ದು ಯಾವಾಗಲೂ ಮೊದಲಿಗೆ ಉತ್ತಮವಾಗಿಯೇ ಕೇಳಿಸುತ್ತದೆ, ಅವರು ನಂಬಿದ್ದು ಇದನ್ನೇ. ಆದರೆ ಒಂಟಿ ಸ್ಪೀಕರಿಗೆ ಹಾಕಿದರೆ ಗಿಟಾರ್ ಈಗಲೂ ಇರಲಿಲ್ಲ.

ಆಗ ಗೆಳತಿ, ಗಿಟಾರನ್ನು ಅಳಿಸಿದ ಲೆಕ್ಕವನ್ನೇ ಅವರ ಮೇಲೆ ತಿರುಗಿಸಿದಳು. ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶದಲ್ಲಿ ಎರಡೂ ಫೈಲುಗಳನ್ನು ಒಂದರ ಕೆಳಗೊಂದು ಇಟ್ಟು, ಎರಡನೆಯದನ್ನು ಒಂದೂವರೆ ಡೆಸಿಬಲ್ ತಗ್ಗಿಸಿ ಮೊದಲನೆಯದರ ಮಟ್ಟಕ್ಕೆ ತಂದು, "ಇನ್‌ವರ್ಟ್" ಎಂಬ ಆಯ್ಕೆಯಿಂದ ಅದರ ಅಲೆಯನ್ನು ತಲೆಕೆಳಗು ಮಾಡಿ, ಎರಡನ್ನೂ ಒಟ್ಟಿಗೆ ನುಡಿಸಿದಳು. ಎಲ್ಲಿಯಾದರೂ ಒಂದು ಅಕ್ಷರವನ್ನು ತಿದ್ದಿದ್ದರೂ ಆ ತಿದ್ದಿದ ಭಾಗವಷ್ಟೇ ಕೇಳಿಸಬೇಕು. ಏನೂ ಕೇಳಿಸಲಿಲ್ಲ. ಮೀಟರಿನ ಹಸಿರು ಪಟ್ಟಿ ಹಾಡಿನ ಮೊದಲಿಂದ ಕೊನೆಯವರೆಗೆ ಅಲುಗಲಿಲ್ಲ. ನಾನು ಪರದೆಯನ್ನು ನೋಡುತ್ತಾ ಕುಳಿತಿದ್ದೆ. ಪಟ್ಟಿ ಅಲುಗಲೇ ಇಲ್ಲ.

ಪರದೆಯ ಚಿತ್ರವನ್ನು ಕಳಿಸಿದ್ದಕ್ಕೆ ಅವರು ಕೊಟ್ಟ ಉತ್ತರ: "ಸಣ್ಣ ಬದಲಾವಣೆಗಳು ಇಂಥ ಟೆಸ್ಟಿನಲ್ಲಿ ಕಾಣುವುದಿಲ್ಲ ಮೇಡಂ, ಅನುಭವ ಇರುವ ಕಿವಿಗೆ ಮಾತ್ರ ತಿಳಿಯುತ್ತವೆ." ಈ ಪರೀಕ್ಷೆ ಇರುವುದೇ ಕಿವಿಗೆ ತಿಳಿಯದ ಸಣ್ಣ ಬದಲಾವಣೆಯನ್ನು ತೋರಿಸಲು! ಮತ್ತೆ ಕೇಳಿದಾಗ ಧಾಟಿ ಬದಲಾಯಿತು: "ಈಗ ಜೋರಾಗಿದೆಯಲ್ಲ, ಆನ್‌ಲೈನಿನಲ್ಲಿ ಜೋರಿದ್ದ ಹಾಡೇ ಗೆಲ್ಲುವುದು." ಇದೂ ಸುಳ್ಳು. ಸ್ಪಾಟಿಫೈಯಂಥ ವೇದಿಕೆಗಳು ತಮ್ಮ ಸಾಮಾನ್ಯ ಸೆಟ್ಟಿಂಗಿನಲ್ಲಿ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟಾರೆ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತರುತ್ತವೆ. ಅದಕ್ಕಿಂತ ಜೋರಿದ್ದುದನ್ನು ತಾವೇ ತಗ್ಗಿಸುತ್ತವೆ. ಹಣ ವಾಪಸು ಕೇಳಿದ್ದಕ್ಕೆ "ಕಲಾವಿದರಿಗೆ ತಾಳ್ಮೆ ಇರಬೇಕು" ಎಂಬ ಉಪದೇಶ ಬಂತು. ಅದಾದ ಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದ್ದಾರೆ. ತಾಳ್ಮೆಯಂತೆ!

ಪೂರ್ತಿ ಹಣವನ್ನು ಯಾರಿಗೂ, ಎಷ್ಟೇ ಸಿಹಿಯಾಗಿ ಮಾತನಾಡಿದರೂ, ಮೊದಲೇ ಕೊಡಬೇಡಿ. ನಿಮ್ಮದೇ ಹಾಡಿನ ಅರ್ಧ ನಿಮಿಷವನ್ನು ಮಿಕ್ಸ್ ಮಾಡಿ ತೋರಿಸಲು ಹೇಳಿ, ಅದನ್ನು ಮೋನೋದಲ್ಲಿ, ಅಂದರೆ ಎಡಬಲ ಕೂಡಿಸಿ ನುಡಿಸುವ ಒಂಟಿ ಸ್ಪೀಕರಿನಲ್ಲಿ, ಕೇಳಿ. ತಿದ್ದುಪಡಿ ಬಂದರೆ ಮೇಲಿನ ಪರೀಕ್ಷೆಯನ್ನು ನೀವೇ ಮಾಡಿ; ಐದು ನಿಮಿಷವೂ ಹಿಡಿಯುವುದಿಲ್ಲ. ವ್ಯವಹಾರದ ಮಾತೆಲ್ಲ ಬರಹದಲ್ಲಿರಲಿ. ನನ್ನ ದೂರನ್ನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಿ ದಾಖಲಿಸಲು ಸಾಧ್ಯವಾದದ್ದು ಆ ಸಂದೇಶಗಳೆಲ್ಲ ಉಳಿದಿದ್ದರಿಂದ.

ಅವರ ಮಾದರಿ ತುಣುಕುಗಳು ಈಗ ಬೇರೊಂದು ಹೆಸರಿನ ಪುಟದಲ್ಲಿ ಕಾಣಿಸಿಕೊಂಡಿರುವುದನ್ನು ತಮ್ಮ ಪತ್ತೆಹಚ್ಚಿದ್ದಾನೆ. ಹೆಣ್ಣುದನಿ ಮತ್ತು ಗಿಟಾರಿನ ತುಣುಕು, "ಮಿಕ್ಸಿಂಗಿಗೆ ಮೊದಲು" ಎಂಬುದು ಪಿಸುಮಾತಿನಷ್ಟು ಸಣ್ಣ, "ಮಿಕ್ಸಿಂಗಿನ ನಂತರ" ಎಂಬುದು ಅದರ ಎರಡರಷ್ಟು ಜೋರು. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿದರೆ ವ್ಯತ್ಯಾಸ ಹೆಚ್ಚೇನೂ ಇಲ್ಲ. ಮುಂಗಡವಾಗಿ ಪೂರ್ತಿ ಹಣ ಎಂಬ ಷರತ್ತು ಅಲ್ಲಿಯೂ ಇದೆ, "ಸ್ಲಾಟ್‌ಗಳು ಕೆಲವೇ ಉಳಿದಿವೆ" ಎಂಬ ಸಾಲೂ ಇದೆ.