ಎಸಿ ಇಲ್ಲದ ಮನೆ: ಬೇಸಿಗೆಗೆ ಪಾಸು, ಮಳೆಗೆ ಫೇಲು

ಪುಣೆಯ ಆಚೆ ತಳೇಗಾಂವ್ ಕಡೆ ಒಂದೂವರೆ ಗುಂಟೆಯಲ್ಲಿ 580 ಚದರಡಿಯ ಮನೆ ಕಟ್ಟಿಸಿ ವರ್ಷವಾಯಿತು. ಪ್ಲಾನ್ ಹಾಕಿಕೊಟ್ಟವರು ಇಬ್ಬರು ಆರ್ಕಿಟೆಕ್ಟುಗಳ ಸಣ್ಣ ಆಫೀಸು. ಹೆಸರು ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಎಸಿ ಇಲ್ಲದೆ ಮನೆ ಹೇಗಿದೆ ಅಂತ ಇಲ್ಲಿನ ನಮ್ಮ ಕನ್ನಡದವರು ಸಿಕ್ಕಾಗಲೆಲ್ಲ ಕೇಳುತ್ತಾರೆ, ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಹಿಡಿಸಿದ್ದು ಹೇಳುತ್ತೇನೆ. ಗೆರೆ ಎಳೆಯುವ ಮೊದಲು ಮಧ್ಯಾಹ್ನ ಮೂರು ಗಂಟೆಯ ಬಿಸಿಲಲ್ಲಿ ಸೈಟಿಗೆ ಬಂದು ನಿಂತರು. ಬಚ್ಚಲು, ಸಾಮಾನು ಕೋಣೆ, ಮೆಟ್ಟಿಲು ಮೂರನ್ನೂ ಪಡುವಣಕ್ಕೆ ಹಾಕಿದರು, ಸಂಜೆ ಬಿಸಿಲು ಅವುಗಳ ಗೋಡೆಯನ್ನೇ ಕಾಯಿಸಲಿ, ನಾವು ಮಲಗುವ ಕೋಣೆಯನ್ನಲ್ಲ ಅಂತ. ಪಡುವಣದ ಸೂರ್ಯ ಕೆಳಗಿಳಿದು ನೇರ ನುಗ್ಗುತ್ತಾನೆ, ಅವನಿಗೆ ಸಜ್ಜಾ ಲೆಕ್ಕಕ್ಕೇ ಇಲ್ಲ. ತೆಂಕಣ ಹಾಗಲ್ಲ. ಮೇ ನಡುವೆ ಪುಣೆಯಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಆ ಹೊತ್ತಿನ ಬಿಸಿಲಿಗೆ ಎರಡಡಿ ಸಜ್ಜಾ ಸಾಕು. ಡಿಸೆಂಬರಿನಲ್ಲಿ ಸೂರ್ಯ ಮಧ್ಯಾಹ್ನವೂ ದಿಗಂತದಿಂದ 50 ಡಿಗ್ರಿಗಿಂತ ಮೇಲೇರುವುದಿಲ್ಲ, ಹಾಗಾಗಿ ಬಿಸಿಲು ಕಿಟಕಿಯೊಳಗೆ ಬಂದು ನೆಲದ ಮೇಲೆ ಕೂರುತ್ತದೆ. ಜನವರಿಯಲ್ಲಿ ಬಾಗಲಕೋಟೆಯಿಂದ ಬಂದ ಅವ್ವ ಅಲ್ಲೇ ಚಾಪೆ ಹಾಸಿಕೊಂಡು ಕೂತಳು. ಗೋಡೆ ಮುಟ್ಟಿ, ಮೇಲಿನ ಗವಾಕ್ಷಿ ನೋಡಿ, "ಇದು ನಮ್ಮ ಮಾಳಿಗಿ ಮನಿ ಇದ್ದಂಗ ಐತಲ್ಲೋ, ಇದಕ್ಕ ಇಷ್ಟ್ ರೊಕ್ಕ ಕೊಟ್ಟಿಯೇನು?" ಅಂದಳು. ಏನು ಹೇಳಲಿ!

ಗೋಡೆ ರ‍್ಯಾಟ್ ಟ್ರ್ಯಾಪ್ ಬಾಂಡ್. ಕೇರಳದಲ್ಲಿ ಲಾರಿ ಬೇಕರ್ ಎಂಬ ಆರ್ಕಿಟೆಕ್ಟ್ ಬಳಸಿ ಹೆಸರಾದ ರೀತಿ. ಇಟ್ಟಿಗೆಯನ್ನು ಮಲಗಿಸದೆ ಮಗ್ಗುಲಾಗಿ ನಿಲ್ಲಿಸುತ್ತಾರೆ, ಒಂಬತ್ತಿಂಚಿನ ಗೋಡೆಯ ಹೊಟ್ಟೆಯಲ್ಲಿ ಗಾಳಿ ಉಳಿಯುತ್ತದೆ, ಬಿಸಿ ಒಳಗೆ ಬರುವುದು ತಡವಾಗುತ್ತದೆ, ಇಟ್ಟಿಗೆಯೂ ಕಾಲು ಭಾಗದಷ್ಟು ಕಡಿಮೆ ಸಾಕು. ಆದರೆ ನಮ್ಮ ಗೌಂಡಿ ಇದನ್ನು ಕಂಡವನೇ ಅಲ್ಲ. ಗಾರೆಯನ್ನೆಲ್ಲ ಆ ಪೊಳ್ಳಿನೊಳಗೇ ಸುರಿದ, ಎರಡು ವರಸೆ ಕಿತ್ತು ಮತ್ತೆ ಕಟ್ಟಿಸಬೇಕಾಯಿತು. ಸ್ವಿಚ್ ಎಲ್ಲಿ, ಪೈಪ್ ಎಲ್ಲಿ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ, ಆಮೇಲೆ ಕೊರೆಯುವುದು ರಗಳೆ.

ಬಿಸಿಲು ಹೀರದೆ ವಾಪಸ್ ಹೊಡೆಯಲಿ ಅಂತ ತಾರಸಿಗೆ ಬಿಳಿ ಟೈಲ್ಸ್ ಚೂರು. ಇದನ್ನು ಮಾತ್ರ ಯಾರೂ ಬಿಡಬೇಡಿ, ಬಾಡಿಗೆ ಮನೆಯ ತಾರಸಿಯಾದರೆ ಬಿಳಿ ಸುಣ್ಣವಾದರೂ ಬಳಿಸಿ. ಏಪ್ರಿಲಿನ ಒಂದು ಮಧ್ಯಾಹ್ನ ಹೊರಗೆ 39 ಇದ್ದಾಗ ನಮ್ಮ ಹಾಲಿನಲ್ಲಿ 32 ಇತ್ತು, ಫ್ಯಾನಿನಲ್ಲೇ ನಡೆಯಿತು. ಅದು ಸುಮ್ನೆ ಬರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಕಿಟಕಿ ಮುಚ್ಚಬೇಕು, ರಾತ್ರಿ ಹೊರಗೆ ತಣ್ಣಗಾದ ಮೇಲೆ ಎಲ್ಲ ತೆರೆದು ಗೋಡೆಯ ಕಾವು ಇಳಿಸಬೇಕು. ಸೆಕೆ ಅಂತ ಹಗಲು ಕಿಟಕಿ ತೆರೆದಿಟ್ಟರೆ ಕೆಟ್ಟಿತು. ನಮ್ಮನೆಯವಳಿಗೆ ಇದನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು.

ಇನ್ನು ಜಗಳದ ವಿಷಯ. ಬಿಸಿಗಾಳಿ ಮೇಲೇರಿ ಹೊರಗೆ ಹೋಗಲಿ ಅಂತ ಇಟ್ಟ ಎತ್ತರದ ಗವಾಕ್ಷಿಗಳು ನೈಋತ್ಯಕ್ಕೆ ಮುಖ ಮಾಡಿವೆ. ಜುಲೈನಲ್ಲಿ ಮಳೆಗಾಳಿ ಬೀಸುವುದೂ ಅತ್ತಲಿಂದಲೇ, ಅಲ್ವಾ? ಹಾಲಿನಲ್ಲಿ ಬಕೆಟ್ ಇಟ್ಟುಕೊಂಡು ಕೂತೆವು. ಫೋನ್ ಮಾಡಿದರೆ "ಪ್ಲಾಸ್ಟಿಕ್ ಕಟ್ಟಿ, ಮಳೆ ನಿಂತ ಮೇಲೆ ನೋಡೋಣ" ಅಂದರು. ಮಳೆ ನಿಂತಿತು, ಅವರು ಬರಲಿಲ್ಲ. ರಾತ್ರಿ ಕಿಟಕಿ ತೆರೆಯಿರಿ ಅಂದವರು ಸೊಳ್ಳೆ ಜಾಲರಿಯನ್ನು ಡ್ರಾಯಿಂಗಿನಲ್ಲಿ ತೋರಿಸಿರಲೇ ಇಲ್ಲ, ಅದಕ್ಕೆ ಬೇರೆ ದುಡ್ಡು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಇಂಥ ಆರ್ಕಿಟೆಕ್ಟುಗಳ ಹತ್ತಿರ ಹೋಗುವುದಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಕಿಟಕಿ ಹೇಗೆ ಮುಚ್ಚುತ್ತದೆ ಅಂತ ಮೊದಲ ದಿನವೇ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ನಾನು ಈ ವಾರ ಗವಾಕ್ಷಿಗಳಿಗೆ ಮುಚ್ಚಿ ತೆರೆಯುವ ಗಾಜಿನ ಪಟ್ಟಿ ಹಾಕಿಸುತ್ತಿದ್ದೇನೆ, ಮಳೆಗೆ ಇನ್ನು ಹದಿನೈದೇ ದಿನ.